ಕಂಬನ ಒಂದೇ ಒಂದು ಗೋಲು

ಅವನಿಗೆ ಬೆಕ್ಕು ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಕಣ್ಣಿತ್ತು. ತೊಂಬತ್ತು ನಿಮಿಷದ ಫುಟ್‌ಬಾಲ್ ಆಟದಲ್ಲಿ ಎಂಬತ್ತೈದು ನಿಮಿಷ ಅವನು ಏನೂ ಮಾಡುತ್ತಿರಲಿಲ್ಲ. ತಂಡದ ಉಳಿದವರು ನಾಲಿಗೆ ಹೊರಗೆ ಹಾಕಿಕೊಂಡು ಓಡುತ್ತಿದ್ದರೆ ಇವನು ಎದುರಾಳಿಗಳ ಗೋಲಿನ ಹತ್ತಿರ, ಬಸ್ಸಿಗೆ ಕಾಯುವವನ ಹಾಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದ. ಉಳಿದ ಐದು ನಿಮಿಷದಲ್ಲಿ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಗೋಲ್‌ಕೀಪರನ ಕೈಯಿಂದ ಜಾರಿದ ಚೆಂಡನ್ನೋ, ಗೋಲುಕಂಬಕ್ಕೆ ಬಡಿದು ವಾಪಸು ಬಂದ ಚೆಂಡನ್ನೋ ಎರಡು ಹೆಜ್ಜೆ ದೂರದಿಂದ ಒಳಗೆ ತಳ್ಳಿ, ದೇಶ ಗೆದ್ದವನ ಹಾಗೆ ಕೈಯೆತ್ತಿಕೊಂಡು ಓಡುತ್ತಿದ್ದ. ಒಂದೇ ಕ್ಲಬ್ಬಿಗೆ ಹದಿನಾಲ್ಕು ವರ್ಷ ಇದನ್ನೇ ಮಾಡಿದ. ಇದಕ್ಕೇ ಅವನಿಗೆ ಸಂಬಳ.

ಹಾಗಂತ ಸುಲಭದ ಕೆಲಸ ಎಂದುಕೊಳ್ಳಬೇಡಿ. ಚೆಂಡು ಎಲ್ಲಿ ಬೀಳುತ್ತದೆ ಎನ್ನುವುದು ಅದು ಬೀಳುವ ಮುಂಚೆಯೇ ತಿಳಿಯಬೇಕು. ಅದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ. ಅವನಪ್ಪ ಲಾರಿ ಗ್ಯಾರೇಜಿನಲ್ಲಿ ವೆಲ್ಡರ್ ಆಗಿದ್ದ. ಗ್ಯಾರೇಜಿನ ಹಿಂದೆ, ಎಣ್ಣೆ ಮೆತ್ತಿದ ಅಂಗಳದಲ್ಲಿ ದೊಡ್ಡ ಹುಡುಗರು ಆಡುವಾಗ ಈ ಪೀಚಲನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಪಾಸು ಕೊಡುವವರಿಲ್ಲ, ಕಿತ್ತುಕೊಳ್ಳುವ ತಾಕತ್ತಿಲ್ಲ. ಮಿಕ್ಕಿದ್ದು ಸಿಕ್ಕರೆ ಸಾಕು ಎಂದು ಗೋಲಿನ ಪಕ್ಕದಲ್ಲಿ ಕಾದು ಕಾದು ಕಲಿತದ್ದು. ದೊಡ್ಡವನಾದ ಮೇಲೆ ಎಂತೆಂಥ ಡಿಫೆಂಡರುಗಳಿಗೆ ಚಳ್ಳೆಹಣ್ಣು ತಿನ್ನಿಸಿದನೋ. ಅವರ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲುವುದು. ಅವರು ಒಂದು ಗಳಿಗೆ ಅತ್ತ ನೋಡಿದರೆ ಸಾಕು, ಇವನು ಮುಂದೆ.

ಕೆಟ್ಟ ಚಾಳಿಯೂ ಒಂದಿತ್ತು. ತನ್ನ ತಂಡದವನೇ ಹೊಡೆದ ಚೆಂಡು ಹೇಗೂ ಒಳಗೆ ಹೋಗುತ್ತಿದ್ದರೂ ಗೆರೆಯ ಹತ್ತಿರ ಕಾಲ ತುದಿ ತಾಗಿಸಿ ಗೋಲನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದ. ತಂಡದಲ್ಲಿ ಕೊನೆಗೆ ಯಾರಿಗೆ ತಾಗಿತೋ ಗೋಲು ಅವನದು, ಪದ್ಧತಿಯೇ ಹಾಗೆ. ಡ್ರೆಸ್ಸಿಂಗ್ ರೂಮಿನಲ್ಲಿ ಬೈಗುಳದ ಮಳೆ. "ನಾನು ಬೇಯಿಸಿದ್ದನ್ನ ನೀನು ನೆಕ್ಕಿದೆಯಲ್ಲೋ" ಎಂದು ಒಬ್ಬ ಬೂಟು ಬೀಸಿ ಹೊಡೆದಿದ್ದ. ಬೆಕ್ಕು ಹಲ್ಲು ಕಿರಿದು, "ಹೊಟ್ಟೆಪಾಡು ಕಣಯ್ಯಾ" ಎನ್ನುತ್ತಿದ್ದ. ಸುಳ್ಳಲ್ಲ. ಎಷ್ಟು ಗೋಲು ಎಂಬುದನ್ನು ಬಿಟ್ಟರೆ ಸ್ಟ್ರೈಕರನ ಬಗ್ಗೆ ಯಾರೂ ಇನ್ನೇನೂ ಕೇಳುವುದಿಲ್ಲ.

ಅವನ ಮೇಲೆ ಯಾವತ್ತೂ ಸಿಟ್ಟಾಗದವನು ಒಬ್ಬನೇ, ಕಂಬ. ಆರಡಿ ಮೂರಂಗುಲ ಎತ್ತರದ ಡಿಫೆಂಡರ್, ತಂಡದ ಹಿಂಬದಿಯಲ್ಲಿ ನಟ್ಟ ಹಾಗೆ ನಿಲ್ಲುತ್ತಿದ್ದವನು. ಮೇಲಿಂದ ಬಂದ ಚೆಂಡನ್ನೆಲ್ಲ ತಲೆಯಲ್ಲಿ ಗುದ್ದಿ ಆಚೆ ಕಳಿಸುವುದು ಅವನ ಕೆಲಸ. ಅಭ್ಯಾಸದಲ್ಲೇ ದಿನಕ್ಕೆ ಐವತ್ತು ಅರವತ್ತು ಸಲ, ವಾರಕ್ಕೆ ಐದು ದಿನ. ಮನೆಗೆ ಹೋಗಿ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದ. ಅದು ಯಾರಿಗೂ ವಿಶೇಷ ಅನ್ನಿಸಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಒಂದು ಚೀಲ ಹಿಡಿದು ಬಂದ ಬೆಕ್ಕನ್ನು ಎರಡು ವರ್ಷ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಕಂಬನ ಹೆಂಡತಿ ಬಡಿಸಿದ್ದನ್ನು ಬೆಕ್ಕು ಉಂಡ, ಅವರನ್ನು ಅತ್ತಿಗೆ ಎಂದ, ಕಂಬನನ್ನು ಅಣ್ಣ ಎಂದ. ಮೈದಾನದಲ್ಲಿ ಬೆಕ್ಕಿನ ಕಾಲಿಗೆ ಒದ್ದವನಿಗೆ ಕಂಬ ಲೆಕ್ಕ ಚುಕ್ತಾ ಮಾಡದೆ ಬಿಡುತ್ತಿರಲಿಲ್ಲ.

ಆದರೆ ಹದಿಮೂರು ವರ್ಷ ಆಡಿದ ಕಂಬ ಒಂದೂ ಗೋಲು ಹೊಡೆದಿರಲಿಲ್ಲ. ಅದೊಂದು ನಗೆಪಾಟಲಾಗಿತ್ತು. ಅವನು ಎದುರಾಳಿಗಳ ಕಡೆ ಮುಂದೆ ಹೋದಾಗಲೆಲ್ಲ ತನ್ನ ಕಡೆಯ ಪ್ರೇಕ್ಷಕರೇ, "ದಾರಿ ತಪ್ಪಿದ್ರಾ ಯಜಮಾನ್ರೇ" ಎಂದು ಕೂಗುತ್ತಿದ್ದರು.

ಆ ವರ್ಷ ತಂಡ ಕೆಳಗಿನ ದರ್ಜೆಗೆ ಬೀಳುವುದರಲ್ಲಿತ್ತು. ಕೊನೆಯ ಪಂದ್ಯ ಗೆಲ್ಲಲೇಬೇಕು. ಎಂಬತ್ತೆಂಟನೆಯ ನಿಮಿಷ, ಎರಡೂ ಕಡೆ ಸೊನ್ನೆ. ಕಾರ್ನರ್ ಸಿಕ್ಕಿತು, ಮೈದಾನದ ಮೂಲೆಯಿಂದ ಒದ್ದ ಚೆಂಡು ಮೇಲೆ ಬಂತು. ಕಂಬ ಹಿಂದಿನಿಂದ ಓಡಿ ಬಂದು ಎಲ್ಲರಿಗಿಂತ ಮೇಲೆ ಎಗರಿ ತಲೆ ಕೊಟ್ಟ. ಚೆಂಡು ಗೋಲಿನ ಮೂಲೆಗೆ ಹೊರಟಿತ್ತು. ಗೆರೆಯ ಹತ್ತಿರ ಎಂದಿನಂತೆ ಬೆಕ್ಕು ನಿಂತಿದ್ದ. ಯೋಚನೆಗಿಂತ ಮುಂಚೆ ಕಾಲು ಹೋಯಿತು. ತಾಗಿತು. ಬೂಟಿನ ದಾರಕ್ಕೆ ಸವರಿದ ಹಾಗೆ ಅಷ್ಟೇ, ಆದರೆ ತಾಗಿತು. ಅದು ಕಾಲಿಗೆ ಗೊತ್ತಾಗುತ್ತದೆ.

ಬೆಕ್ಕು ಕೈಯನ್ನು ಅರ್ಧ ಎತ್ತಿದ್ದ. ಅಷ್ಟರಲ್ಲಿ ಕಂಬ ಕಣ್ಣಿಗೆ ಬಿದ್ದ. ಅಂಗಿ ಕಿತ್ತೆಸೆದು, ಬಾಯಿ ಅಗಲಿಸಿ, ಅಷ್ಟುದ್ದದ ಮನುಷ್ಯ ಎಳೆ ಮಗುವಿನ ಹಾಗೆ ಮೈದಾನದ ಸುತ್ತ ಓಡುತ್ತಿದ್ದ. ಹಿಡಿಯಲು ಹೋದ ಇಬ್ಬರನ್ನು ಕೆಡವಿದ. ಕೊನೆಗೆ ಹೆಂಡತಿ ಕೂತಿದ್ದ ಗ್ಯಾಲರಿಯ ಮುಂದೆ ಮಂಡಿಯೂರಿ ಅತ್ತುಬಿಟ್ಟ. ಬೆಕ್ಕು ಕೈ ಇಳಿಸಿದ. ಆಗ ಅವನ ಹೆಸರಿನಲ್ಲಿ ಎಪ್ಪತ್ತೊಂದು ಗೋಲಿದ್ದವು. ಎಪ್ಪತ್ತೊಂದು ಇದ್ದವನಿಗೆ ಒಂದು ಯಾವ ಮಹಾ? ಹೋಗಲಿ ಬಿಡು ಎಂದುಕೊಂಡ. ರೆಫರಿ ಚೀಟಿಯಲ್ಲಿ ಕಂಬನ ಹೆಸರು ಬರೆದ. ಆ ಸಂಜೆಯೆಲ್ಲ ಬೆಕ್ಕಿಗೆ ತಾನು ಬಹಳ ದೊಡ್ಡ ಮನುಷ್ಯ ಅನ್ನಿಸಿತ್ತು. ಕೈತುಂಬ ಇದ್ದಾಗ ಒಂದನ್ನು ಬಿಟ್ಟುಕೊಡುವುದು ಎಷ್ಟು ಸಲೀಸು ನೋಡಿ.

ಮುಂದಿನದು ಬೆಕ್ಕಿನ ಮಂಡಿಯ ಕಥೆ. ಬಲ ಮಂಡಿ ಮೊದಲು ಊದಿಕೊಂಡಿತು, ಆಮೇಲೆ ಕಟಕಟ ಅನ್ನತೊಡಗಿತು. ಪಂದ್ಯಕ್ಕೆ ಮುಂಚೆ ತಂಡದ ಡಾಕ್ಟರು ಶವರಿನ ಪಕ್ಕದ ಕೋಣೆಗೆ ಕರೆದು ಸೂಜಿ ಚುಚ್ಚುತ್ತಿದ್ದರು. ತೊಂಬತ್ತು ನಿಮಿಷ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮರುದಿನ ಮೆಟ್ಟಿಲನ್ನು ಕೂತುಕೊಂಡು ಇಳಿಯುತ್ತಿದ್ದ. ಹಾಗೆ ಎಳೆದಾಡಿಕೊಂಡು ಕೊನೆಯ ವರ್ಷದ ನಾಲ್ಕನೆಯ ಪಂದ್ಯಕ್ಕೆ ತೊಂಬತ್ತೊಂಬತ್ತು ತಲುಪಿದ. ಆ ಕ್ಲಬ್ಬಿನ ಇತಿಹಾಸದಲ್ಲಿ ನೂರು ಹೊಡೆದವರು ನಾಲ್ಕೇ ಜನ.

ಆಮೇಲೆ ಹದಿನೇಳು ಪಂದ್ಯ ಆಡಿದ. ಒಂದೂ ಇಲ್ಲ. ಎರಡು ಹೆಜ್ಜೆ ದೂರದಿಂದ, ಖಾಲಿ ಗೋಲಿನ ಮುಂದೆ, ಚೆಂಡಿನ ಮೇಲೆ ಕಾಲಿಟ್ಟು ತಾನೇ ಮುಗ್ಗರಿಸಿ ಬಿದ್ದ. ಪೆನಾಲ್ಟಿಯನ್ನು ಗ್ಯಾಲರಿಗೆ ಹೊಡೆದ. ಅವನು ಚೆಂಡು ಮುಟ್ಟಿದಾಗಲೆಲ್ಲ ಜನ "ನೂರು, ನೂರು" ಅನ್ನುತ್ತಿದ್ದರು. ಮೊದಮೊದಲು ಪ್ರೀತಿಯಿಂದ, ಆಮೇಲೆ ಕಿಚಾಯಿಸಲು. ಕೋಚ್ ಅವನನ್ನು ಬೆಂಚಿನ ಮೇಲೆ ಕೂರಿಸಿದ. ವರ್ಷದ ಕೊನೆಗೆ ಕ್ಲಬ್ಬಿನಿಂದ ಎರಡು ಸಾಲಿನ ಪತ್ರ ಬಂತು. ಅವನ ಹೆಸರನ್ನೂ ತಪ್ಪಾಗಿ ಟೈಪು ಮಾಡಿದ್ದರು.

ನಂತರ ಇಪ್ಪತ್ತು ವರ್ಷ ಅವನು ಟೈಲ್ಸ್ ಶೋರೂಮಿನಲ್ಲಿ ನಿಂತ. ಮಾಲೀಕ ಅವನ ಹೆಸರು ನೋಡಿ ಕೆಲಸ ಕೊಟ್ಟಿದ್ದ. ಮೊದಲ ವರ್ಷ ಗಿರಾಕಿಗಳು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಐದನೆಯ ವರ್ಷಕ್ಕೆ, "ಬಾತ್ರೂಮಿಗೆ ಜಾರದೇ ಇರೋದು ತೋರಿಸಿ" ಎಂದು ಮಾತ್ರ ಕೇಳುತ್ತಿದ್ದರು. ನೆನಪಿದ್ದವರು ಇನ್ನೂ ಕಷ್ಟ. "ನೂರು ಬಾಕ್ಸ್ ಬೇಕಪ್ಪ, ನೀನು ತೊಂಬತ್ತೊಂಬತ್ತೇ ಕಳಿಸೀಯ ಮತ್ತೆ" ಎಂದು ಒಬ್ಬ ಕಂಟ್ರಾಕ್ಟರ್ ಬಂದಾಗಲೆಲ್ಲ ಅನ್ನುತ್ತಿದ್ದ. ಅಷ್ಟು ವರ್ಷವೂ ಅದೇ ಜೋಕು. ಬೆಕ್ಕು ನಗುತ್ತಿದ್ದ. ನಗದಿದ್ದರೆ ಆರ್ಡರು ಹೋಗುತ್ತದೆ. ಮನೆಗೆ ಬಂದು ಮಂಡಿಗೆ ಐಸು ಕಟ್ಟಿಕೊಂಡು, ಆ ಹದಿನೇಳು ಪಂದ್ಯಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಆಡುತ್ತಿದ್ದ.

ಹೀಗಿರುವಾಗ ಕ್ಲಬ್ಬಿನ ದಾಖಲೆ ನೋಡಿಕೊಳ್ಳುವ ಗುಮಾಸ್ತನಿಂದ ಫೋನ್ ಬಂತು. ಹೊಸ ಗ್ಯಾಲರಿ ಕಟ್ಟಿದ್ದಾರೆ, ಆಟಗಾರರು ಮೈದಾನಕ್ಕೆ ಬರುವ ಬಾಗಿಲ ಮೇಲೆ ಹಿತ್ತಾಳೆ ಫಲಕ ಹಾಕುತ್ತಾರೆ, ನೂರು ಗೋಲು ಹೊಡೆದವರ ಹೆಸರು ಕೆತ್ತಿಸುತ್ತಾರೆ. ಹಳೆಯ ಟೇಪುಗಳನ್ನು ತಿರುಗಿಸಿ ನೋಡುವಾಗ ಗೋಲಿನ ಹಿಂದಿನ ಕ್ಯಾಮೆರಾದ ಒಂದು ಟೇಪು ಸಿಕ್ಕಿತಂತೆ. "ಆ ಕಾರ್ನರ್ ಗೋಲು ಸಾರ್. ನಿಮ್ಮ ಬೂಟಿಗೆ ತಾಗಿದ ಹಾಗೇ ಕಾಣ್ತಿದೆ. ಇಬ್ಬರೂ ಸಹಿ ಹಾಕಿ ಕೊಟ್ರೆ ಕಮಿಟಿ ಬದಲಾಯಿಸುತ್ತೆ. ಹಳೇ ನಮೂದು ತಿದ್ದೋದಕ್ಕೆ ನಮ್ಮಲ್ಲಿ ಅದೇ ನಿಯಮ." ಕಂಬನ ಸ್ಥಿತಿ ಗುಮಾಸ್ತನಿಗೆ ಗೊತ್ತಿತ್ತೋ ಇಲ್ಲವೋ. ಕೇಳಲಿಲ್ಲ, ಬೆಕ್ಕೂ ಹೇಳಲಿಲ್ಲ.

ಕಂಬನ ತಲೆ ಕೆಟ್ಟು ಆಗಲೇ ಆರು ವರ್ಷ. ಮೊದಲು ಬೀಗದ ಕೈ ಮರೆತ, ಆಮೇಲೆ ಮನೆಯ ದಾರಿ, ಆಮೇಲೆ ಮಗಳನ್ನು. ತಲೆಯಲ್ಲಿ ಅಷ್ಟು ಚೆಂಡು ಹೊಡೆದದ್ದಕ್ಕೇ ಹೀಗಾಯಿತು ಎಂದರು ಡಾಕ್ಟರು.

ಬೆಕ್ಕಿನ ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು, ಮಾತು ಕಡಿಮೆ. ವಿಷಯ ಕೇಳಿ, "ಬೇಡ ಕಣ್ರೀ" ಎಂದಳು. "ಅವರ ಹತ್ರ ಇರೋದೇ ಅದೊಂದು. ನಿಮ್ಮ ಹತ್ರ ತೊಂಬತ್ತೊಂಬತ್ತಿದೆ."

"ಅದೇ ಕಷ್ಟ. ಇಪ್ಪತ್ತಿದ್ದಿದ್ರೆ ಯಾರೂ ಏನೂ ಅಂತಿರಲಿಲ್ಲ. ಅದು ನಂದೇ ಕಣೆ. ನಿಜವಾಗ್ಲೂ ನಂದೇ."

"ನಿಮ್ಮದೇ ಇರಬಹುದು. ಕೊಟ್ಟಾಯ್ತಲ್ಲ."

"ಅಣ್ಣಂಗೆ ಹೇಗೂ ಏನೂ ನಿಲ್ಲಲ್ಲ. ಸಂಜೆ ಹೊತ್ತಿಗೆ ಮರೆತಿರ್ತಾನೆ. ನೋವಾದ್ರೆ ತಾನೇ ತಪ್ಪು?"

"ಹಾಗಾದ್ರೆ ನಿಮ್ಮ ಅತ್ತಿಗೆ ಎದುರಿಗೆ ಕೂತು ಕೇಳಿ. ಅವರು ಹೂಂ ಅಂದ್ರೆ ನಂದೇನೂ ಇಲ್ಲ."

ಕೇಳಬೇಕು ಅಂತಲೇ ಹೋದ, ಅದನ್ನು ಒಪ್ಪಿಕೊಳ್ಳೋಣ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಬೀರುವಿನ ಮೇಲೆ "ಬಟ್ಟೆ", ಬಚ್ಚಲ ಬಾಗಿಲ ಮೇಲೆ "ಇಲ್ಲಿ" ಎಂದು ದಪ್ಪಕ್ಷರದ ಚೀಟಿಗಳು. ಸೋಫಾದ ಎದುರು ಗೋಡೆಗೆ ಪತ್ರಿಕೆಯಲ್ಲಿ ಬಂದ ಫೋಟೋ, ಕಟ್ಟು ಹಾಕಿಸಿದ್ದು: ಗಾಳಿಯಲ್ಲಿ ಕಂಬ, ಹಣೆಯ ಮೇಲೆ ಚೆಂಡು.

ಅತ್ತಿಗೆ ಸೊರಗಿ ಅರ್ಧವಾಗಿದ್ದರು. ಬೆಕ್ಕನ್ನು ನೋಡಿ ಅವರಿಗೆ ಬಹಳ ಸಂತೋಷವಾಯಿತು. ಮಾತಾಡಲು ಒಬ್ಬರು ಸಿಕ್ಕಿದರಲ್ಲ. "ಬೆಳಿಗ್ಗೆ ಎದ್ದು ನಾನ್ಯಾರು ಅಂತ ಕೇಳ್ತಾರಪ್ಪ. ಮದುವೆ ವಿಷಯ ಹೇಳಿದ್ರೆ ನಂಬಲ್ಲ. ಮಗಳನ್ನ ತೋರಿಸಿದ್ರೆ ಈಯಮ್ಮ ಯಾರು ಅಂತಾರೆ. ಆ ಗೋಲು ಹೇಳಿದ್ರೆ ಮಾತ್ರ ಮುಖ ಅರಳುತ್ತೆ. ಓಹೋ ಅದು ನಾನಲ್ವಾ ಅಂತ ಎದ್ದು ಹಲ್ಲುಜ್ಜೋಕೆ ಹೋಗ್ತಾರೆ. ಅದೊಂದು ಇಲ್ದಿದ್ರೆ ಇವರನ್ನ ಹೇಗೆ ಏಳಿಸ್ಲೋ ನಾನು?"

ಇಷ್ಟು ಕೇಳಿದ ಮೇಲೂ ಎದ್ದು ಬರಬಹುದಿತ್ತು. ಬೆಕ್ಕು ಜೇಬಿನೊಳಗಿದ್ದ, ಗುಮಾಸ್ತ ಕಳಿಸಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡು ಕೂತೇ ಇದ್ದ. ಸ್ವಲ್ಪ ಹೊತ್ತಿಗೆ ಅತ್ತಿಗೆ ಚೀಲ ಎತ್ತಿಕೊಂಡರು. "ನೀನಿದ್ದೀಯಲ್ಲ, ಔಷಧಿ ಅಂಗಡಿಗೆ ಹೋಗಿ ಬಂದುಬಿಡ್ತೀನಿ. ಇವರೊಬ್ಬರನ್ನೇ ಬಿಟ್ಟು ಹೋಗೋ ಹಾಗಿಲ್ಲ."

ಬಾಗಿಲು ಮುಚ್ಚಿತು. ಕಂಬ ಸೋಫಾದಲ್ಲಿ ಕೂತು, ಎರಡೂ ಕೈ ಆಡಿಸುತ್ತ, ಕಾರ್ನರ್ ಎಲ್ಲಿಂದ ಬಂತು, ತಾನು ಎಷ್ಟೆತ್ತರ ಎಗರಿದೆ ಎಂದು ಹೇಳುತ್ತಿದ್ದ. ಕಣ್ಣು ಹೊಳೆಯುತ್ತಿತ್ತು. ಬೆಕ್ಕು ಕಾಗದ ಬಿಡಿಸಿ ಟೀಪಾಯಿಯ ಮೇಲಿಟ್ಟ. "ಅಣ್ಣ, ಒಂದು ಸಹಿ ಬೇಕಿತ್ತು."

"ಏನಪ್ಪ ಇದು?"

ಅಭಿಮಾನಿಗಳಿಗೆ ಎಂದಿದ್ದರೆ ಆ ಕ್ಷಣವೇ ಹಾಕುತ್ತಿದ್ದ. ಆದರೆ ಬೆಕ್ಕಿಗೆ ತಾನು ಮೋಸಗಾರನಲ್ಲ ಎಂದು ತನಗೇ ತೋರಿಸಿಕೊಳ್ಳಬೇಕಿತ್ತು. ನಿಜ ಹೇಳಿಯೇ ತೆಗೆದುಕೊಳ್ಳುತ್ತೇನೆ, ಹೇಗೂ ನೆನಪಿರುವುದಿಲ್ಲ ಎಂಬ ಧೈರ್ಯ. ಇಂಥ ಪ್ರಾಮಾಣಿಕತೆಗೆ ಬೆಂಕಿ ಹಾಕ.

"ಆ ಚೆಂಡು ಕೊನೇಲಿ ನನ್ನ ಕಾಲಿಗೆ ತಾಗಿತ್ತು ಅಣ್ಣ. ಗೋಲು ನಂದಾಗುತ್ತೆ. ಹಾಗಂತ ಇದರಲ್ಲಿ ಬರೆದಿದೆ."

ಕಂಬ ಕಾಗದವನ್ನು ಬಹಳ ಹೊತ್ತು ನೋಡಿದ. "ತಾಗಿತ್ತಾ?"

"ತಾಗಿತ್ತು."

"ನೀನು ನನ್ನ ಹತ್ರ ಸುಳ್ಳು ಹೇಳಲ್ಲ" ಎಂದ ಕಂಬ. ಆಮೇಲೆ, "ಮತ್ತೆ ನಾನು ಅಷ್ಟು ಓಡಿದ್ನಲ್ಲೋ. ಆವತ್ತೇ ಹೇಳೋದಲ್ವಾ?" ಎಂದ.

ಬೆಕ್ಕು ಪೆನ್ನು ಮುಂದೆ ಹಿಡಿದ. ಕಂಬ ಸಹಿ ಹಾಕಿದ, ಹಿಂದೆ ಗ್ಯಾಲರಿಯ ಮಕ್ಕಳಿಗೆ ಹಾಕುತ್ತಿದ್ದ ಹಾಗೆಯೇ, ಕೊನೆಗೊಂದು ಸುರುಳಿ ಸೇರಿಸಿ.

ಐದು ನಿಮಿಷ ಕಳೆಯಿತು. ಬೆಕ್ಕು ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಕಂಬ ತಿರುಗಿ ನೋಡಿ, "ಲೋ ಬೆಕ್ಕೆ, ಯಾವಾಗ ಬಂದೆ? ಆ ಕಾರ್ನರ್ ವಿಷಯ ಹೇಳಿದ್ನಾ ನಿನಗೆ?" ಎಂದ. ಮತ್ತೆ ಮೊದಲಿನಿಂದ, ಅದೇ ಹೊಳೆಯುವ ಕಣ್ಣು. ಬೆಕ್ಕಿನ ಎದೆ ಹಗುರಾಯಿತು. ಎಲ್ಲ ಅಳಿಸಿಹೋಗಿದೆ, ಯಾರಿಗೂ ಏನೂ ಆಗಿಲ್ಲ. ಅತ್ತಿಗೆ ಬಂದು ಚಹಾ ಮಾಡಿಕೊಟ್ಟರು. ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಬಂದ.

ಸಮಾರಂಭಕ್ಕೆ ಕ್ಲಬ್ಬಿನವರು ಹಳೆಯ ಆಟಗಾರರನ್ನೆಲ್ಲ ಕರೆದಿದ್ದರು. ಕಂಬನಿಗೂ ಚೀಟಿ ಹೋಗಿತ್ತು. ಅತ್ತಿಗೆಗೆ ಒಳಗಿನ ಸಂಗತಿ ಏನು ಗೊತ್ತು? ಕ್ಲಬ್ಬಿನ ಹಳೆಯ ಕೋಟನ್ನು ಇಸ್ತ್ರಿ ಮಾಡಿ ತೊಡಿಸಿ, ತಲೆ ಬಾಚಿ, ಕೈ ಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಬೆಕ್ಕು ವೇದಿಕೆಯ ಮೇಲಿಂದ ಅವರನ್ನು ನೋಡಿ ಬೇರೆ ಕಡೆ ತಿರುಗಿದ. ಆದರೂ ಮೇಲೆ ಹಿತ್ತಾಳೆಯಲ್ಲಿ ತನ್ನ ಹೆಸರು ಮಿರಮಿರ ಮಿಂಚುತ್ತಿತ್ತು, ಈ ಸಲ ಸರಿಯಾಗಿ ಬರೆದಿದ್ದರು.

ದೊಡ್ಡ ಪರದೆಯ ಮೇಲೆ ಆ ಗೋಲು ಬಂತು. ನಿಧಾನವಾಗಿ. ಬೆಕ್ಕಿನ ಬೂಟಿನ ಸುತ್ತ ಕೆಂಪು ವೃತ್ತ. ನಿರೂಪಕ, "ಇಪ್ಪತ್ತನಾಲ್ಕು ವರ್ಷದ ತಪ್ಪನ್ನ ಇಬ್ಬರೂ ಆಟಗಾರರ ಸಹಿ ತಗೊಂಡು ಇವತ್ತು ಸರಿಪಡಿಸ್ತಿದೀವಿ" ಎಂದು ಘೋಷಿಸಿದ. ಚಪ್ಪಾಳೆ. ಟೇಪನ್ನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಪರದೆಯ ಮೇಲೆ ಕಂಬ ಅಂಗಿ ಕಿತ್ತೆಸೆದು ಓಡತೊಡಗಿದ, ಹಿಡಿಯಲು ಬಂದವರನ್ನು ಕೆಡವಿದ, ಮಂಡಿಯೂರಿ ಅತ್ತ. ನಿರೂಪಕನಿಗೆ ನಾಲಿಗೆ ತುರಿಸಿತು. "ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ" ಎಂದ.

ಇಡೀ ಮೈದಾನ ನಕ್ಕಿತು. ಕೆಟ್ಟ ಜನವಲ್ಲ, ತಮಾಷೆಯಾಗಿತ್ತು, ನಕ್ಕರು. ಕಂಬ ಪರದೆಯನ್ನೇ ನೋಡುತ್ತ, ಕೋಟಿನ ಗುಂಡಿ ಹಾಕಿಕೊಳ್ಳಲು ತಡಕಾಡಿದ.

ಹೊರಡುವಾಗ ಅತ್ತಿಗೆ ಮೆಟ್ಟಿಲ ಹತ್ತಿರ ಸಿಕ್ಕರು. "ಔಷಧಿ ತರೋಕೆ ಹೋಗಿದ್ನಲ್ಲ, ಆಗಲೇನಾ ಸಹಿ ಹಾಕಿಸಿಕೊಂಡಿದ್ದು?" ಎಂದರು. ಬೆಕ್ಕು ನೆಲ ನೋಡಿದ. ಅವರು ಗಂಡನನ್ನು ಕರೆದುಕೊಂಡು ಹೋದರು.

ಶೋರೂಮಿನಲ್ಲಿ ಮಾಲೀಕ ಬಾಗಿಲಿಗೆ ಹೊಸ ಬೋರ್ಡು ಹಾಕಿಸಿದ. ಆ ಕಂಟ್ರಾಕ್ಟರ್ ಬಂದು, "ಇನ್ನು ಜೋಕು ಹೇಳೋಕೂ ಬಿಡಲಿಲ್ಲವಲ್ಲಯ್ಯ ನೀನು" ಎಂದು ಬೆನ್ನು ತಟ್ಟಿದ. ಬೆಕ್ಕಿಗೆ ಮೂರು ವಾರ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಅತ್ತಿಗೆಯ ಫೋನ್ ಬಂತು. "ಒಂದು ಸಲ ಬಂದು ಹೋಗು. ಬೈಯಲ್ಲ. ನನ್ನ ಕೈಲಿ ಆಗ್ತಿಲ್ಲ."

ಬೆಳಿಗ್ಗೆ ಒಂಬತ್ತಕ್ಕೆ ಹೋದ. ಸೋಫಾದ ಎದುರಿನ ಗೋಡೆ ಬೋಳಾಗಿತ್ತು. "ಫೋಟೋ ಅವರೇ ಇಳಿಸಿದ್ರು" ಎಂದರು ಅತ್ತಿಗೆ. "ನನ್ನ ಹೆಸರು ನಿಲ್ಲಲ್ಲ, ಮಗಳ ಹೆಸರು ನಿಲ್ಲಲ್ಲ. ಇದೊಂದು ನಿಂತುಬಿಟ್ಟಿದೆ. ಅವಮಾನ ಆಗಿದ್ದು ಕೆಲವು ಸಲ ಗಟ್ಟಿಯಾಗಿ ಕೂತ್ಕೊಂಡುಬಿಡುತ್ತೆ ಅಂದ್ರು ಡಾಕ್ಟರು. ಹಾಸಿಗೆ ಬಿಟ್ಟು ಏಳಲ್ಲ, ಊಟ ಬೇಡ ಅಂತಾರೆ. ನೀನೇ ಹೇಳು. ಗೋಲು ಅವರದೇ ಅಂತ ಹೇಳು. ನೀನು ಹೇಳಿದ್ರೆ ನಂಬಬಹುದು."

ಕಂಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೆಕ್ಕು ಮಂಚದ ತುದಿಯಲ್ಲಿ ಕೂತ. "ಅಣ್ಣ, ಕಾರ್ನರ್ ಬಂತು. ನೀನು ಎಗರಿ ತಲೆ ಕೊಟ್ಟೆ. ಗೋಲು ನಿಂದೇ. ಯಾರ ಕಾಲಿಗೂ ತಾಗಲಿಲ್ಲ. ನಾನು ಪಕ್ಕದಲ್ಲೇ ಇದ್ದೆ."

ಕಂಬ ನಿಧಾನವಾಗಿ ಹೊರಳಿದ. "ತಾವು ಯಾರು ಗೊತ್ತಾಗಲಿಲ್ಲ."

"ನಾನು ಬೆಕ್ಕು ಅಣ್ಣ."

ಕಂಬ ತಲೆಯಾಡಿಸಿದ. ತಪ್ಪು ಹೇಳಿದ ಮಗುವನ್ನು ತಿದ್ದುವವನ ಹಾಗೆ ಸಮಾಧಾನವಾಗಿ, "ಬೆಕ್ಕು ಇನ್ನೂ ಹುಡುಗ. ನಮ್ಮನೇಲೇ ಇರ್ತಾನೆ" ಎಂದ. "ಚೆಂಡು ಅವನ ಕಾಲಿಗೆ ತಾಗಿತ್ತು. ಅವನೇ ಹೇಳಿದ. ಅವನು ನನ್ನ ಹತ್ರ ಸುಳ್ಳು ಹೇಳಲ್ಲ."

"ಅವನು ಹೇಳಿದ್ದು ಸುಳ್ಳು ಅಣ್ಣ. ಅವನು ಕಳ್ಳ."

"ಹಾಗೆಲ್ಲ ಅನ್ನಬೇಡಿ. ಒಳ್ಳೆ ಹುಡುಗ ಅವನು." ಕಂಬ ಮೊಣಕೈಯೂರಿ ಎದ್ದು ಕೂತ. ಮುಖ ಕಪ್ಪಿಟ್ಟಿತ್ತು. "ನಾನೇ ಕೆಟ್ಟವನು. ಗೋಲು ಹೊಡೆದೆ, ಗೋಲು ಹೊಡೆದೆ ಅಂತ ಎಷ್ಟು ವರ್ಷ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಎಲ್ಲ ನಕ್ಕರು. ನಿಮ್ಮ ಹತ್ರಾನೂ ಹೇಳಿದ್ನಾ?"

ಬೆಕ್ಕು ಜಾರಿದ ಹೊದಿಕೆಯನ್ನು ಎಳೆದು ಅವನ ಕಾಲಿಗೆ ಹೊದಿಸಿದ.

"ಹೇಳಿರ್ತೀನಿ. ತಪ್ಪಾಯ್ತು, ಕ್ಷಮಿಸಿಬಿಡಿ" ಎಂದು ಕಂಬ ಎರಡೂ ಕೈ ಜೋಡಿಸಿದ. ಬೆಕ್ಕು ಆ ಕೈಗಳನ್ನು ಹಿಡಿದು ಇಳಿಸಲು ನೋಡಿದ. ಅವು ಇಳಿಯಲಿಲ್ಲ, ಮುದಿಯಾಗಿದ್ದರೂ ಡಿಫೆಂಡರನ ಕೈ.

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದರು. "ಕ್ಷಮಿಸಿದೆ ಅಂದುಬಿಡು" ಎಂದರು. "ಅನ್ನೋವರೆಗೂ ಕೈ ಇಳಿಸಲ್ಲ. ಹಾಲು ಹಾಕೋನ ಕೈಲೂ ಅನ್ನಿಸಿಕೊಂಡಿದ್ದಾರೆ."

ಕಂಬ ಕಾಯುತ್ತಿದ್ದ. ಬೆಕ್ಕು, ಕ್ಷಮಿಸಿದೆ ಎಂದ.